ಮತ್ತೆ ಎಂತಕ್ಕೆ ವೋಟು, ಮಾಷ್ಟ್ರೆ?: ‘ಸೇಫ್ ಸೀಟಿ’ನ ಉಪಚುನಾವಣೆಯ ಒಳಲೆಕ್ಕ

2012ರ ಮಾರ್ಚ್ 18, ಭಾನುವಾರ. ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ನನಗೆ ಉಡುಪಿ-ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯ ಡ್ಯೂಟಿ ಬಿದ್ದಿತ್ತು. ನನ್ನ ಕೆಲಸ ಸಣ್ಣದು. ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದು, ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು, ಚೀಟಿ ಬರೆದು ಮುಂದಿನ ಮೇಜಿಗೆ ಕಳಿಸುವುದು. ಹತ್ತು ಗಂಟೆಗೆಲ್ಲ ಹಂಚಿನ ಮಾಡಿನ ಆ ಕೋಣೆ ಕಾವಲಿಯ ಹಾಗೆ ಕಾದಿತ್ತು.

ಸಾಲಿನಲ್ಲಿ ಒಬ್ಬರು ವಯಸ್ಸಾದ ಅಮ್ಮ ಬಂದರು. ಬೀಡಿ ಕಟ್ಟಿ ಕಟ್ಟಿ ಅವರ ತೋರುಬೆರಳಿನ ಉಗುರು ಅರ್ಧ ಸವೆದಿತ್ತು. ಶಾಯಿಯ ಗೆರೆಯನ್ನು ಉಗುರಿನಿಂದ ಚರ್ಮದವರೆಗೆ ಎಳೆಯುತ್ತಿದ್ದಾಗ ಅವರು ಕೇಳಿದರು: “ನಾವು ವೋಟು ಹಾಕಿದವ್ರು ಗೆದ್ರಲ್ದಾ? ಮುಖ್ಯಮಂತ್ರಿನೂ ಆದ್ರು. ಮತ್ತೆ ಎಂತಕ್ಕೆ ವೋಟು, ಮಾಷ್ಟ್ರೆ?”

ಮತಗಟ್ಟೆಯೊಳಗೆ ಮಾತು ಬೆಳೆಸುವ ಹಾಗಿಲ್ಲ. “ಅವರು ಆ ಸೀಟು ಬಿಟ್ಟಿದ್ದಾರೆ ಅಮ್ಮ” ಅಂದೆ ಅಷ್ಟೆ. ಶಾಯಿ ಒಣಗುವಷ್ಟರಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಿದರು: “ಹಂಗಾರೆ ಇದು ಎಷ್ಟು ವರ್ಷಕ್ಕೆ?” ಎರಡು ವರ್ಷಕ್ಕೆ ಅಂದೆ. ಅವರು ಚೀಟಿ ಹಿಡಿದು ಮುಂದೆ ಹೋದರು. ಉಪಚುನಾವಣೆಯ ಬಗ್ಗೆ ಕೇಳಬೇಕಾದ ಎರಡು ಮುಖ್ಯ ಪ್ರಶ್ನೆಗಳನ್ನೂ ಅವರು ಅರ್ಧ ನಿಮಿಷದಲ್ಲಿ ಕೇಳಿಬಿಟ್ಟಿದ್ದರು. ಅವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸೀಟು ಯಾಕೆ ಖಾಲಿಯಾಯಿತು ಅನ್ನುವುದು. 2009ರಲ್ಲಿ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಿಂದ ಬಿಜೆಪಿಯ ಡಿ.ವಿ. ಸದಾನಂದ ಗೌಡರು ಗೆದ್ದಿದ್ದರು. 2011ರ ಆಗಸ್ಟ್‌ನಲ್ಲಿ, ಯಡಿಯೂರಪ್ಪನವರು ರಾಜೀನಾಮೆ ಕೊಟ್ಟ ಮೇಲೆ, ಅವರು ಮುಖ್ಯಮಂತ್ರಿಯಾದರು. ನಮ್ಮ ಸಂವಿಧಾನದಲ್ಲಿ ಒಂದು ಅನುಕೂಲ ಇದೆ. ರಾಜ್ಯದ ಶಾಸಕರಲ್ಲದವರೂ ಮಂತ್ರಿ, ಮುಖ್ಯಮಂತ್ರಿ ಆಗಬಹುದು. ಆದರೆ ಆರು ತಿಂಗಳೊಳಗೆ ವಿಧಾನಸಭೆಗೋ ವಿಧಾನ ಪರಿಷತ್ತಿಗೋ ಆಯ್ಕೆಯಾಗಲೇಬೇಕು. ಸದಾನಂದ ಗೌಡರು ಆ ಡಿಸೆಂಬರ್‌ನಲ್ಲಿ ಪರಿಷತ್ತಿಗೆ ಆಯ್ಕೆಯಾದರು. ಇಲ್ಲಿಗೆ ಇನ್ನೊಂದು ನಿಯಮ ಬರುತ್ತದೆ. ಒಬ್ಬರೇ ದಿಲ್ಲಿಯ ಸಂಸತ್ತಿನಲ್ಲೂ ರಾಜ್ಯದ ಸದನದಲ್ಲೂ ಸದಸ್ಯರಾಗಿರುವಂತಿಲ್ಲ. ಹಾಗಾಗಿ ಅವರು ಲೋಕಸಭೆಯ ಸೀಟು ಬಿಟ್ಟರು. ಬೀಡಿ ಕಟ್ಟುವ ಅಮ್ಮ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗಿ ಬಂದದ್ದು ಇದರಿಂದ.

ಹೀಗೆ ಒಂದು ಕುರ್ಚಿ ಅಲುಗಾಡಿದರೆ ಪಕ್ಕದ ಇನ್ನೊಂದು ಖಾಲಿಯಾಗುವುದು ನಮ್ಮಲ್ಲಿ ಮಾಮೂಲಿ. ಸದಸ್ಯರು ತೀರಿಕೊಂಡಾಗ, ಪಕ್ಷ ಬಿಟ್ಟು ರಾಜೀನಾಮೆ ಕೊಟ್ಟಾಗ, ಅನರ್ಹರಾದಾಗ, ಎರಡು ಕಡೆ ನಿಂತು ಎರಡೂ ಗೆದ್ದು ಒಂದನ್ನು ಬಿಟ್ಟಾಗ, ಎಲ್ಲದಕ್ಕೂ ಉಪಚುನಾವಣೆಯೇ ದಾರಿ. ದೊಡ್ಡ ನಾಯಕರಿಗೆ ಜಾಗ ಮಾಡಿಕೊಡಲಿಕ್ಕೂ ಸೀಟು ಬಿಡುತ್ತಾರೆ. ಘಟ್ಟದ ಮೇಲಿನ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ಆದದ್ದು ಅದೇ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ಬಂದು ನಿಂತರು. ವೀರೇಂದ್ರ ಪಾಟೀಲರನ್ನು 77,333 ಮತಗಳಿಂದ ಸೋಲಿಸಿ ಲೋಕಸಭೆಗೆ ಹೋದರು. ಚಿಕ್ಕಮಗಳೂರನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲೂ ಕರ್ನಾಟಕದ 28ರಲ್ಲಿ 26 ಸೀಟು ಆ ಪಕ್ಷಕ್ಕೇ ಬಂದಿದ್ದವು.

ಒಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳೋಣ. ಉಪಚುನಾವಣೆ ಬೇರೆ, ಮರುಮತದಾನ ಬೇರೆ. ಯಂತ್ರ ಕೆಟ್ಟೋ ಗಲಾಟೆಯಾಗಿಯೋ ಒಂದು ಮತಗಟ್ಟೆಯಲ್ಲಿ ಅದೇ ಚುನಾವಣೆಗೆ ಇನ್ನೊಮ್ಮೆ ವೋಟು ಹಾಕಿಸಿದರೆ ಅದು ಮರುಮತದಾನ. ಸದನವೇ ಅವಧಿಗೆ ಮೊದಲು ಮುಗಿದು ಎಲ್ಲ ಸೀಟಿಗೂ ಚುನಾವಣೆ ಬಂದರೆ ಅದು ಮಧ್ಯಂತರ ಚುನಾವಣೆ. ಉಪಚುನಾವಣೆಯಲ್ಲಿ ಸದನ ಹಾಗೇ ಇರುತ್ತದೆ, ಒಂದು ಕುರ್ಚಿ ಮಾತ್ರ ಖಾಲಿ. ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದಷ್ಟು ದಿನ ಮಾತ್ರ. ಆ ಅಮ್ಮನ ಎರಡನೇ ಪ್ರಶ್ನೆಗೆ ಉತ್ತರ ಇದು.

ಆ ಉಳಿದ ದಿನ ಕೆಲವು ಸಲ ತೀರಾ ಕಡಿಮೆ ಇರುತ್ತದೆ. ಇದನ್ನು ನಮ್ಮ ಜಿಲ್ಲೆಯ ಬೈಂದೂರಿನವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಅದು ಸೇರುವುದು ಶಿವಮೊಗ್ಗ ಕ್ಷೇತ್ರಕ್ಕೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಎಂಪಿಯಾಗಿದ್ದ ಯಡಿಯೂರಪ್ಪನವರು ಶಿಕಾರಿಪುರದಿಂದ ಶಾಸಕರಾಗಿ ಗೆದ್ದು ಲೋಕಸಭಾ ಸ್ಥಾನ ಬಿಟ್ಟರು. ಕಾನೂನಿನಲ್ಲಿ, ಅಂದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನಲ್ಲಿ, ಖಾಲಿಯಾದ ಸೀಟನ್ನು ಆರು ತಿಂಗಳೊಳಗೆ ತುಂಬಬೇಕು ಅಂತ ಇದೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಚುನಾವಣೆ ಬೇಕಿಲ್ಲ. ಚುನಾವಣೆ ನಡೆಸುವುದು ಕಷ್ಟ ಎಂದು ಆಯೋಗವು ಕೇಂದ್ರ ಸರಕಾರದ ಜೊತೆ ಮಾತಾಡಿ ಪ್ರಮಾಣೀಕರಿಸಿದರೂ ವಿನಾಯಿತಿ ಇದೆ. ಆಗಿನ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ಸೀಟು ಖಾಲಿಯಾದದ್ದು 2018ರ ಮೇ 18ಕ್ಕೆ. ಒಂದು ವರ್ಷದ ಮೇಲೆ ಹದಿನೈದು ಚಿಲ್ಲರೆ ದಿನ ಉಳಿದಿತ್ತು. ಅಷ್ಟು ದಿನದ ಲೆಕ್ಕಕ್ಕೆ ಉಪಚುನಾವಣೆ ಮಾಡಲೇಬೇಕಾಯಿತು. ಆಂಧ್ರದ ಕೆಲವು ಎಂಪಿಗಳೂ ಅದೇ ವರ್ಷ ರಾಜೀನಾಮೆ ಕೊಟ್ಟಿದ್ದರು. ಅವರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ, ಒಂದು ವರ್ಷದ ಗೆರೆ ದಾಟಿದ ಮೇಲೆ. ಅಲ್ಲಿ ಉಪಚುನಾವಣೆ ಆಗಲೇ ಇಲ್ಲ.

ಬೈಂದೂರಿನವರು 2018ರ ಮೇ 12ಕ್ಕೆ ವಿಧಾನಸಭೆಗೆ, ನವೆಂಬರ್ 3ಕ್ಕೆ ಲೋಕಸಭೆಯ ಉಪಚುನಾವಣೆಗೆ, 2019ರ ಏಪ್ರಿಲ್ 23ಕ್ಕೆ ಮತ್ತೆ ಲೋಕಸಭೆಗೆ ವೋಟು ಹಾಕಿದರು. ಒಂದು ವರ್ಷದೊಳಗೆ ಮೂರು ಸಲ. ಐದಾರು ತಿಂಗಳ ಎಂಪಿಗೋಸ್ಕರ ಇಷ್ಟೆಲ್ಲ ಖರ್ಚು ಯಾಕೆ ಅಂತ ಆಗ ತುಂಬ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ನನಗೆ ಅನಿಸುವುದು, ಈ ನಿಯಮ ಇರುವುದೇ ಒಳ್ಳೆಯದು. ಇಲ್ಲದಿದ್ದರೆ ಸೋಲುವ ಭಯ ಇರುವ ಕಡೆ ಚುನಾವಣೆಯನ್ನು ಮುಂದೂಡುತ್ತಲೇ ಹೋಗಬಹುದು. ಅಷ್ಟು ಕಾಲ ಎಂಟು ವಿಧಾನಸಭಾ ಕ್ಷೇತ್ರಗಳ ಜನಕ್ಕೆ ದಿಲ್ಲಿಯಲ್ಲಿ ಬಾಯಿಯೇ ಇರುವುದಿಲ್ಲ.

ಈಗ ‘ಸೇಫ್ ಸೀಟು’ ಅನ್ನುವ ಮಾತಿಗೆ ಬರೋಣ. ಪತ್ರಿಕೆಗಳು ‘ಭದ್ರಕೋಟೆ’ ಅನ್ನುತ್ತವೆ. ಹೋಟೆಲಿನಲ್ಲಿ ಚಹಾ ಕುಡಿಯುವವರು “ಅಲ್ಲಿ ಯಾರನ್ನು ನಿಲ್ಲಿಸಿದರೂ ಗೆಲ್ತಾರೆ” ಅನ್ನುತ್ತಾರೆ. ಮಂಗಳೂರು, ಅಂದರೆ ಈಗಿನ ದಕ್ಷಿಣ ಕನ್ನಡ ಕ್ಷೇತ್ರ, 1991ರಿಂದ 2024ರವರೆಗೆ ಒಮ್ಮೆಯೂ ಬಿಜೆಪಿಯ ಕೈ ತಪ್ಪಿಲ್ಲ. ಧನಂಜಯ ಕುಮಾರ್, ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್, ಈಗ ಬ್ರಿಜೇಶ್ ಚೌಟ. ಆದರೆ ಅದಕ್ಕೆ ಮೊದಲು ಇದೇ ಮಂಗಳೂರಿನಿಂದ 1977, 1980, 1984, 1989ರಲ್ಲಿ ಸಾಲಾಗಿ ನಾಲ್ಕು ಸಲ ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ ಗೆದ್ದಿದ್ದರು. ಉಡುಪಿಯಲ್ಲಿ ಆಸ್ಕರ್ ಫರ್ನಾಂಡಿಸ್ 1980ರಿಂದ 1996ರವರೆಗೆ ಐದು ಸಲ. ಆಗ ಈ ಎರಡೂ ಕಾಂಗ್ರೆಸ್ಸಿನ ಸೇಫ್ ಸೀಟು. ಇನ್ನೂ ಸೋಜಿಗ ಅಂದರೆ, ಉಡುಪಿ ಪುರಸಭೆ 1968ರಲ್ಲೇ ಬಿಜೆಪಿಯ ಹಿಂದಿನ ರೂಪವಾದ ಜನಸಂಘದ ಕೈಗೆ ಬಂದು ವಿ.ಎಸ್. ಆಚಾರ್ಯರು ಅದರ ಅಧ್ಯಕ್ಷರಾಗಿದ್ದರು. ಪೇಟೆಯ ಪುರಸಭೆಗೆ ಒಂದು ಮನಸ್ಸು, ಲೋಕಸಭೆಗೆ ಇನ್ನೊಂದು ಮನಸ್ಸು. ಕೋಟೆ ಅನ್ನುವುದು ಮಣ್ಣಿನಲ್ಲಿ ಇರುವಂಥದ್ದಲ್ಲ. ಅದು ಜನರ ರೂಢಿ. ದೊಡ್ಡ ಚುನಾವಣೆಯ ದಿನ ಕೈ ತಾನಾಗಿ ಹೋಗುವ ಬಟನ್ನು.

ಉಪಚುನಾವಣೆಯ ದಿನ ಆ ರೂಢಿಗೆ ಬೇರೆಯೇ ಪ್ರಶ್ನೆ ಎದುರಾಗುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಸಾರ್ವತ್ರಿಕ ಚುನಾವಣೆಯಲ್ಲಿ ಕೇಳುವ ಪ್ರಶ್ನೆ “ದೇಶ ಯಾರ ಕೈಗೆ?” ಅಂತ. ಉಪಚುನಾವಣೆಯಲ್ಲಿ ದೇಶದ ಸರಕಾರ ಹೇಗೂ ಬದಲಾಗುವುದಿಲ್ಲ. ಆಗ ಮತದಾರರಿಗೆ ಒಂದು ಸ್ವಾತಂತ್ರ್ಯ ಸಿಗುತ್ತದೆ. ತನ್ನ ಪಕ್ಷವನ್ನು ಬಿಡದೆಯೂ ಅದರ ಮೇಲೆ ಸಿಟ್ಟು ತೋರಿಸಬಹುದು. ಎದುರಿನ ಪಕ್ಷ ಇಷ್ಟವಿಲ್ಲದಿದ್ದರೂ ಅಲ್ಲಿ ನಿಂತಿರುವ ಒಳ್ಳೆಯ ಮನುಷ್ಯನಿಗೆ ವೋಟು ಹಾಕಬಹುದು. ಅಥವಾ ಮನೆಯಲ್ಲೇ ಉಳಿಯಬಹುದು. ಮೂರೂ ಮಾತೇ.

2012ರಲ್ಲಿ ಇವು ಮೂರೂ ಒಟ್ಟಿಗೆ ಆದವು ಅಂತ ನನ್ನ ಅಂದಾಜು. ಆಗಿನ ಪರಿಸ್ಥಿತಿ ನೋಡಿ. ಕ್ಷೇತ್ರದ ಎಂಟು ವಿಧಾನಸಭಾ ಸೀಟುಗಳಲ್ಲಿ, ಅಂದರೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳಲ್ಲಿ, ಕಾರ್ಕಳ ಒಂದನ್ನು ಬಿಟ್ಟು ಏಳನ್ನೂ 2008ರಲ್ಲಿ ಬಿಜೆಪಿ ಗೆದ್ದಿತ್ತು. ರಾಜ್ಯದಲ್ಲಿ ಅದೇ ಪಕ್ಷದ ಸರಕಾರ. ಸೀಟು ಸ್ವತಃ ಮುಖ್ಯಮಂತ್ರಿ ಬಿಟ್ಟದ್ದು. ಕಾಗದದ ಮೇಲೆ ಇದಕ್ಕಿಂತ ಸೇಫ್ ಸೀಟು ಬೇಕೆ?

ಆದರೆ ಮನೆಯೊಳಗೆ ನೆಮ್ಮದಿ ಇರಲಿಲ್ಲ. ಅಧಿಕಾರ ಕಳಕೊಂಡ ಯಡಿಯೂರಪ್ಪನವರಿಗೂ ಹೊಸ ಮುಖ್ಯಮಂತ್ರಿಗೂ ಇದ್ದ ಮುನಿಸು ಬೀದಿಗೆ ಬಂದಿತ್ತು. ಯಡಿಯೂರಪ್ಪನವರು ಈ ಕಡೆ ಪ್ರಚಾರಕ್ಕೆ ಬರಲಿಲ್ಲ. ಫೆಬ್ರವರಿಯಲ್ಲಿ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ವಿವಾದದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು, ಅವರಲ್ಲಿ ಒಬ್ಬರು ಮಂಗಳೂರಿನವರು. ಅದೇ ತಿಂಗಳು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಪಾರ್ಟಿಯ ಗಲಾಟೆ. ಫೆಬ್ರವರಿ 14ಕ್ಕೆ ವಿ.ಎಸ್. ಆಚಾರ್ಯರು ತೀರಿಕೊಂಡರು. ಉಡುಪಿಯಲ್ಲಿ ಪಕ್ಷವನ್ನು ಕಟ್ಟಿ ಬೆಳೆಸಿದ ಹಿರಿಯರೇ ಚುನಾವಣೆಗೆ ಒಂದು ತಿಂಗಳಿರುವಾಗ ಇಲ್ಲವಾದರು.

ಎದುರಿಗೆ ಕಾಂಗ್ರೆಸ್ಸಿನಿಂದ ನಿಂತವರು ಕೆ. ಜಯಪ್ರಕಾಶ್ ಹೆಗ್ಡೆ. ಬ್ರಹ್ಮಾವರ ಅನ್ನುವ ವಿಧಾನಸಭಾ ಕ್ಷೇತ್ರ ಇದ್ದ ಕಾಲದಲ್ಲಿ, 1999 ಮತ್ತು 2004ರಲ್ಲಿ, ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಪಕ್ಷೇತರರಾಗಿ ಗೆದ್ದವರು. ಅಂಥವರಿಗೆ ಪಕ್ಷದ ವೋಟಿನ ಮೇಲೆ ತಮ್ಮದೇ ಒಂದಿಷ್ಟು ವೋಟು ಇರುತ್ತದೆ. ಬಿಜೆಪಿಯಿಂದ ಕಾರ್ಕಳದ ವಿ. ಸುನಿಲ್ ಕುಮಾರ್. ಮಾರ್ಚ್ 21ಕ್ಕೆ ಎಣಿಕೆ ಮುಗಿದಾಗ ಹೆಗ್ಡೆಯವರು 45,724 ಮತಗಳಿಂದ ಗೆದ್ದಿದ್ದರು.

ಮರುದಿನ ಎಲ್ಲರ ಬಾಯಲ್ಲೂ ಈ ಅಂತರದ ಮಾತೇ. ಆದರೆ ಅಂತರವನ್ನು ಮಾತ್ರ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ, ಅಷ್ಟೆ. ಎರಡೂ ಕಡೆಯ ಒಟ್ಟು ವೋಟು ನೋಡಬೇಕು. 2009ರಲ್ಲಿ ಸದಾನಂದ ಗೌಡರಿಗೆ 4,01,441 ಬಂದಿತ್ತು, ಹೆಗ್ಡೆಯವರಿಗೆ 3,74,423. ಹೌದು, ಆಗಲೂ ನಿಂತಿದ್ದವರು ಇದೇ ಹೆಗ್ಡೆ. 2012ರಲ್ಲಿ ಸುನಿಲ್ ಕುಮಾರ್‌ಗೆ 3,52,999, ಹೆಗ್ಡೆಯವರಿಗೆ 3,98,723. ಕಳೆದು ನೋಡಿ. ಕಾಂಗ್ರೆಸ್ಸಿಗೆ ಏರಿದ್ದು 24,300. ಬಿಜೆಪಿಗೆ ಇಳಿದದ್ದು 48,442. ಅಂದರೆ ಗೆದ್ದವರು ಏರಿದ್ದಕ್ಕಿಂತ ಸೋತವರು ಇಳಿದದ್ದು ಎರಡು ಪಾಲು. ಜೆಡಿಎಸ್‌ನಿಂದ ನಿಂತ ಎಸ್.ಎಲ್. ಭೋಜೇಗೌಡರಿಗೆ ಸುಮಾರು 72 ಸಾವಿರ ವೋಟು ಬಂತು, ಅದು ಗೆಲುವಿನ ಅಂತರಕ್ಕಿಂತ ಜಾಸ್ತಿ. ಇಷ್ಟು ಹೊತ್ತಿಗೆ ಚಿತ್ರ ಸ್ಪಷ್ಟವಾಗುತ್ತದೆ, ಅಲ್ವಾ? ಕೋಟೆಯನ್ನು ಹೊರಗಿನವರು ಒಡೆದದ್ದಕ್ಕಿಂತ ಒಳಗಿನವರು ಎದ್ದುಹೋದದ್ದು ದೊಡ್ಡದು.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ, ತರಗತಿಯಲ್ಲಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಹಾಗೆ. ಒಂದು ಊರಿನಲ್ಲಿ ಸಾವಿರ ಮತದಾರರು. ಸಾರ್ವತ್ರಿಕ ಚುನಾವಣೆಯಲ್ಲಿ 750 ಜನ ಬಂದರು. ಒಬ್ಬರಿಗೆ 450, ಇನ್ನೊಬ್ಬರಿಗೆ 300, ಅಂತರ 150. ಉಪಚುನಾವಣೆಗೆ ಬಂದವರು 600. ಮೊದಲನೆಯವರ ಕಡೆಯ 110 ಮಂದಿ “ಹೇಗೂ ಗೆಲ್ತಾರೆ ಬಿಡಿ” ಅಂತ ಮನೆಯಲ್ಲಿ ಉಳಿದರು. ಎರಡನೆಯವರ ಕಡೆ ಉಳಿದದ್ದು 40. ಈಗ 340 ಮತ್ತು 260. ಅಂತರ 80. ಊರಿನಲ್ಲಿ ಒಬ್ಬರೂ ಪಕ್ಷ ಬದಲಾಯಿಸಿಲ್ಲ. ಆದರೂ ಟಿವಿಯಲ್ಲಿ “ಅಂತರ ಅರ್ಧಕ್ಕೆ ಕುಸಿತ” ಅಂತ ಬರುತ್ತದೆ. ಕರಾವಳಿಗೆ ಇದು ಇನ್ನೂ ಜಾಸ್ತಿ ಹೊಂದುತ್ತದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಇದ್ದಾರೆ. ಪ್ರಧಾನಿ ಯಾರು ಅನ್ನುವ ಚುನಾವಣೆಗೆ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ ಬರುವವರು ಉಪಚುನಾವಣೆಗೆ ಅಷ್ಟಾಗಿ ಬರುವುದಿಲ್ಲ.

ಇದು ನಿಜವಾಗಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಶಿವಮೊಗ್ಗದ ಅಂಕಿಗಳಷ್ಟು ಸ್ಪಷ್ಟವಾದ ಉದಾಹರಣೆ ನಾನು ನೋಡಿಲ್ಲ. 2014ರಲ್ಲಿ ಯಡಿಯೂರಪ್ಪನವರು ಗೆದ್ದ ಅಂತರ 3,63,305. 2018ರ ನವೆಂಬರ್‌ನ ಉಪಚುನಾವಣೆಯಲ್ಲಿ ಅವರ ಮಗ ಬಿ.ವೈ. ರಾಘವೇಂದ್ರ ನಿಂತರು. ಎದುರಿಗೆ ಜೆಡಿಎಸ್‌ನ ಮಧು ಬಂಗಾರಪ್ಪ, ಕಾಂಗ್ರೆಸ್ಸಿನ ಬೆಂಬಲದೊಂದಿಗೆ. ರಾಘವೇಂದ್ರ ಗೆದ್ದರು, ಆದರೆ ಅಂತರ 52,148ಕ್ಕೆ ಬಂದು ನಿಂತಿತು. ಕೋಟೆ ಬಿರುಕು ಬಿಟ್ಟಿತು ಅಂತ ಎಲ್ಲರೂ ಬರೆದರು. ಐದೂವರೆ ತಿಂಗಳ ಮೇಲೆ, 2019ರ ಏಪ್ರಿಲ್‌ನಲ್ಲಿ, ಅದೇ ಇಬ್ಬರು ಅದೇ ಮೈತ್ರಿಯಲ್ಲಿ ಮತ್ತೆ ಎದುರುಬದುರಾದರು. ಅಂತರ 2,23,360.

ಅಭ್ಯರ್ಥಿಗಳು ಬದಲಾಗಲಿಲ್ಲ, ಮೈತ್ರಿ ಬದಲಾಗಲಿಲ್ಲ, ಮತದಾರರೂ ಬಹುಪಾಲು ಅವರೇ. ಹಾಗಾದರೆ ಏನಾಯಿತು? ಮಧು ಬಂಗಾರಪ್ಪನವರ ವೋಟು 4,91,158ರಿಂದ 5,06,512ಕ್ಕೆ ಹೋಯಿತು. ಹದಿನೈದು ಸಾವಿರ ಚಿಲ್ಲರೆ ಏರಿಕೆ. ರಾಘವೇಂದ್ರರ ವೋಟು 5,43,306ರಿಂದ 7,29,872ಕ್ಕೆ ಹಾರಿತು. ಒಂದು ಲಕ್ಷ 86 ಸಾವಿರದ ಮೇಲೆ. ಉಪಚುನಾವಣೆಗೆ ಶೇ. 61ರ ಆಸುಪಾಸು ಇದ್ದ ಮತದಾನ 2019ರಲ್ಲಿ ಶೇ. 76ಕ್ಕೆ ಏರಿತ್ತು. ನವೆಂಬರ್‌ನಲ್ಲಿ ಬರದೆ ಏಪ್ರಿಲ್‌ನಲ್ಲಿ ಬಂದ ವೋಟುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಒಂದೇ ಕಡೆಗೆ ಹೋದ ಹಾಗೆ ಕಾಣುತ್ತದೆ. ಮೊದಲ ಸಲ ಕೇಳಿದ ಪ್ರಶ್ನೆ ಐದಾರು ತಿಂಗಳಿಗೆ ಎಂಪಿ ಯಾರು ಅಂತ. ಎರಡನೇ ಸಲ ಪ್ರಧಾನಿ ಯಾರು ಅಂತ. ಪ್ರಶ್ನೆ ಬದಲಾಯಿತು, ಉತ್ತರವೂ ಬದಲಾಯಿತು.

ಅದೇ ನವೆಂಬರ್‌ನ ಬಳ್ಳಾರಿಯಲ್ಲಂತೂ ಕೋಟೆ ಪೂರ್ತಿ ಬಿತ್ತು. 2004ರಿಂದ ಬಿಜೆಪಿಯ ಕೈಲಿದ್ದ ಸೀಟನ್ನು ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಲ್ಲಿ ಗೆದ್ದರು. 2019ರಲ್ಲಿ ಅವರೇ ಸೋತರು.

ಹಾಗಂತ ಉಪಚುನಾವಣೆಯ ಫಲಿತಾಂಶಕ್ಕೆ ಅರ್ಥವೇ ಇಲ್ಲ ಅನ್ನಬೇಡಿ. ಅದು ಐದು ವರ್ಷದ ಭವಿಷ್ಯ ಹೇಳುವುದಿಲ್ಲ, ಆದರೆ ಆ ಹೊತ್ತಿನ ಜ್ವರವನ್ನು ಸರಿಯಾಗಿ ತೋರಿಸುತ್ತದೆ. 2012ರ ಜ್ವರ ನಿಜವಾಗಿತ್ತು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಉಡುಪಿ, ಕಾಪು, ಬೈಂದೂರು ಕಾಂಗ್ರೆಸ್ಸಿಗೆ ಹೋದವು. ಕುಂದಾಪುರದಲ್ಲಿ ಹಾಲಾಡಿ ಶ್ರೀನಿವಾಸ ಶೆಟ್ಟರು ಪಕ್ಷೇತರರಾಗಿ ಗೆದ್ದರು. ಜಿಲ್ಲೆಯಲ್ಲಿ ಬಿಜೆಪಿಗೆ ಉಳಿದದ್ದು ಕಾರ್ಕಳ ಒಂದೇ, ಅದೂ ಉಪಚುನಾವಣೆಯಲ್ಲಿ ಸೋತಿದ್ದ ಸುನಿಲ್ ಕುಮಾರ್ ಅವರದ್ದು. ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಕಾಂಗ್ರೆಸ್ಸಿಗೆ. ಆದರೆ 2014ರಲ್ಲಿ ದೇಶದ ಪ್ರಶ್ನೆ ಬಂದಾಗ ಇದೇ ಕ್ಷೇತ್ರದಲ್ಲಿ ಶೋಭಾ ಕರಂದ್ಲಾಜೆ ಹೆಗ್ಡೆಯವರನ್ನು 1,81,643 ಮತಗಳಿಂದ ಸೋಲಿಸಿದರು.

ಮನೆ ಒಡೆದರೆ ಸೇಫ್ ಸೀಟು ಉಳಿಯುವುದಿಲ್ಲ ಅನ್ನುವುದಕ್ಕೆ ಉಪಚುನಾವಣೆಯೇ ಬೇಕೆಂದಿಲ್ಲ. 2023ರಲ್ಲಿ ಪುತ್ತೂರಿನಲ್ಲಿ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರಕ್ಕೆ ಇಳಿಯಿತು, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ನಾಲ್ಕು ಸಾವಿರ ಚಿಲ್ಲರೆ ಅಂತರದಲ್ಲಿ ಗೆದ್ದರು.

ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದೂ ನಮ್ಮಲ್ಲೇ ನಡೆದಿದೆ. 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿಯವರು ಎಂಪಿಯಾದಾಗ ಅವರ ವಿಧಾನ ಪರಿಷತ್ ಸ್ಥಾನ ಖಾಲಿಯಾಯಿತು. 2012ರದ್ದೇ ಸರಪಳಿ, ಈ ಸಲ ಉಲ್ಟಾ ದಿಕ್ಕಿನಲ್ಲಿ. ಅಕ್ಟೋಬರ್ 21ಕ್ಕೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಉಪಚುನಾವಣೆ ನಡೆಯಿತು. ನಮಗೆ ನಿಮಗೆ ವೋಟು ಇರಲಿಲ್ಲ. ಅದು ಸ್ಥಳೀಯ ಸಂಸ್ಥೆಗಳ ಕ್ಷೇತ್ರ. ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳ ಸದಸ್ಯರೇ ಮತದಾರರು, ಒಟ್ಟು ಆರು ಸಾವಿರದಷ್ಟು. ಇಲ್ಲಿ ಮನೆಯಲ್ಲಿ ಉಳಿಯುವವರು ಕಡಿಮೆ. ಬಹುಪಾಲು ಎಲ್ಲರೂ ಒಂದಲ್ಲ ಒಂದು ಪಕ್ಷದ ಮಂದಿ. ಹಾಗಾಗಿ ರೂಢಿ ಅಲುಗಾಡಲಿಲ್ಲ. ಬಿಜೆಪಿಯ ಕಿಶೋರ್ ಕುಮಾರ್ ಪುತ್ತೂರು ಆರಾಮಾಗಿ ಗೆದ್ದರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಬೇಗ ಯಾರೂ ಗಮನಿಸುವುದಿಲ್ಲ. ಆ ಕ್ಷೇತ್ರಕ್ಕೆ ಇಬ್ಬರು ಸದಸ್ಯರು. 2021ರಲ್ಲಿ ಎರಡೂ ಸೀಟಿಗೆ ಒಟ್ಟಿಗೆ ಪ್ರಾಶಸ್ತ್ಯದ ವೋಟು, ಅಂದರೆ ಇಷ್ಟದ ಕ್ರಮದಲ್ಲಿ 1, 2 ಅಂತ ಬರೆಯುವ ವೋಟು, ನಡೆದು ಕೋಟ ಅವರು ಮತ್ತು ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿ ತಲಾ ಒಂದು ಗೆದ್ದಿದ್ದರು. ಉಪಚುನಾವಣೆಯಲ್ಲಿ ಇರುವುದು ಒಂದೇ ಸೀಟು. ಅರ್ಧಕ್ಕಿಂತ ಜಾಸ್ತಿ ಇರುವವರಿಗೇ ಅದು. ಭಂಡಾರಿಯವರು ಬಿಟ್ಟಿದ್ದರೂ ಆ ಸೀಟು ಬಿಜೆಪಿಗೇ ಹೋಗುವ ಸಂಭವ ಇತ್ತು. ನಿಯಮ ಒಂದಕ್ಷರ ಬದಲಾಗದೆ, ಎರಡು ಪಕ್ಷಕ್ಕೆ ಹಂಚಿಹೋಗುತ್ತಿದ್ದ ಕ್ಷೇತ್ರ ಒಂದೇ ಪಕ್ಷದ ಸೇಫ್ ಸೀಟಾಗುತ್ತದೆ.

ಚುನಾವಣಾ ಡ್ಯೂಟಿ ಮಾಡಿದ ಮೇಲೆ ನನಗೆ ಒಂದು ಅಭ್ಯಾಸ ಹತ್ತಿದೆ. ಎಲ್ಲೇ ಉಪಚುನಾವಣೆಯ ಫಲಿತಾಂಶ ಬರಲಿ, ಬರೀ ಅಂತರ ಬರೆದುಕೊಳ್ಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಗೀಟು ಎಳೆದು, ಹೋದ ಸಲದ ವೋಟು ಒಂದು ಕಡೆ, ಈ ಸಲದ್ದು ಇನ್ನೊಂದು ಕಡೆ ಬರೆಯುತ್ತೇನೆ. ಯಾರು ಎಷ್ಟು ಏರಿದರು, ಯಾರು ಎಷ್ಟು ಇಳಿದರು, ಎಷ್ಟು ಜನ ಬರಲೇ ಇಲ್ಲ. ಮೊದಲ ಪುಟದಲ್ಲಿ ಇರುವುದು 2012ರ ಲೆಕ್ಕ. ಅಲ್ಲಿ 45,724 ಅನ್ನುವುದನ್ನು ಸಣ್ಣದಾಗಿ ಮೂಲೆಯಲ್ಲಿ ಬರೆದಿದ್ದೇನೆ. 48,442ರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.